ಅರ್ತ್ ಗುಂಡಿಗೆ ಒಂದು ಕೊಡ ನೀರು

ನನ್ನ ನೆನಪಿನ ಶಕ್ತಿ ಬಹಳ ಒಳ್ಳೆಯದು ಎಂಬ ಸುದ್ದಿಯನ್ನು ನಮ್ಮ ಮನೆಯಲ್ಲಿ ಹರಡಿದವನು ನಾನೇ. ಬೇರೆ ಯಾರೂ ಅದನ್ನು ಸ್ವಂತ ಅನುಭವದಿಂದ ಹೇಳಿದ್ದಿಲ್ಲ. ಉಳಿದ ವಿಷಯಗಳಲ್ಲಿ ನಾನು ಸಂಶಯದ ಪ್ರಾಣಿ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಭೌತಶಾಸ್ತ್ರದ ಎಂ.ಎಸ್ಸಿ. ಓದಿ ಬಂದಮೇಲೆ, ಔಷಧಿ ಅಂಗಡಿಯವನು ಊಟದ ನಂತರ ತಗೊಳ್ಳಿ ಎಂದರೆ ಯಾಕೆ ಎಂದು ಕೇಳುತ್ತೇನೆ. ಹಾಲಿನವನು ಹಾಲು ಗಟ್ಟಿಯಿದೆ ಎಂದರೆ ಅಳೆಯದೆ ಒಪ್ಪುವುದಿಲ್ಲ. ವಾರಭವಿಷ್ಯವನ್ನು ಓದಿ, ವಾರದ ಕೊನೆಗೆ ಅದರಲ್ಲಿ ಎಷ್ಟು ತಪ್ಪಿತು ಎಂದು ಪಟ್ಟಿ ಮಾಡಿದ್ದೂ ಉಂಟು. ಆ ಪಟ್ಟಿಯನ್ನು ಎಲ್ಲಿಟ್ಟೆನೆಂಬುದು ನನಗೆ ನೆನಪಿಲ್ಲವೆಂದು ಹೆಂಡತಿ ಸುಮಾ ಹೇಳುತ್ತಾಳೆ, ಅದು ಬೇರೆ ವಿಷಯ. ಆದರೆ ನನ್ನದೇ ತಲೆಯೊಳಗಿನ ಚಿತ್ರಗಳನ್ನು ಮಾತ್ರ ನಾನು ಯಾವತ್ತೂ ಪ್ರಶ್ನಿಸಿದವನಲ್ಲ. ಕಣ್ಣಾರೆ ಕಂಡದ್ದನ್ನು ಪ್ರಶ್ನಿಸಲು ಏನಿದೆ? ಹೀಗೆ ಐವತ್ತು ದಾಟುವವರೆಗೆ ನೆಮ್ಮದಿಯಾಗಿಯೇ ಇದ್ದೆ. ಕಳೆದ ಬೇಸಿಗೆಯಲ್ಲಿ ಮನೆಯ ಫ್ಯೂಸ್ ಬೋರ್ಡ್ ಬದಲಾಯಿಸಲು ಹೊರಟೆ, ನೆಮ್ಮದಿ ಹೋಯಿತು.

ಗೋಪಾಳ ಬಡಾವಣೆಯ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದಾಗ ನಾನಿನ್ನೂ ವಿದ್ಯಾರ್ಥಿ. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತರಾಗಿದ್ದರು. ಮನೆಗೆ ವೈರಿಂಗ್ ಮಾಡಿದವರು ಅದೇ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮುರುಗೇಶ್ ಮಾಮ. ಕ್ಯಾಂಟೀನಿನಲ್ಲಿ ಇಬ್ಬರದೂ ಒಂದೇ ಟೇಬಲ್ಲು. ವಾರದ ರಜೆಯ ದಿನ ಬೆಳಗಿನ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ಹೋಗುತ್ತ, ಎರಡು ತಿಂಗಳಲ್ಲಿ ಅವರು ಇಡೀ ಮನೆಗೆ ತಂತಿ ಎಳೆದರು. ಹಾಲಿನ ಬಾಗಿಲ ಮೇಲೆ ಕರಿ ಬಣ್ಣದ ಮರದ ಹಲಗೆ, ಅದರ ಮೇಲೆ ಹಲ್ಲಿನಂತೆ ಸಾಲಾಗಿ ಕೂತ ಬಿಳಿ ಪಿಂಗಾಣಿ ಫ್ಯೂಸುಗಳು. ಒಂದು ಸುಟ್ಟರೆ ಸ್ಟೂಲು ಹತ್ತಿ, ಕಿತ್ತು, ಹೊಸ ತಂತಿ ಸುತ್ತಿ ಮತ್ತೆ ಒತ್ತುವುದು. ಈ ಕೆಲಸ ಬಲ್ಲ ಗಂಡಸಿಗೆ ಆಗಿನ ಕಾಲದಲ್ಲಿ ಮನೆಯಲ್ಲಿ ಒಂದು ಮರ್ಯಾದೆ ಇತ್ತು. ನನಗೆ ಈಗಲೂ ಇರುವ ಮರ್ಯಾದೆಯ ಬಹುಪಾಲು ಅದರದ್ದೇ. ಕಳೆದ ವರ್ಷ ಅವುಗಳಲ್ಲೊಂದು ಬಿರುಕು ಬಿಟ್ಟಿತು. ಅದನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಅಂಗಡಿಯವನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದು ಈಗ ಬರಲ್ಲ ಸಾರ್. ಇಟ್ಕೊಳ್ಳಿ, ಶೋಕೇಸಲ್ಲಿ ಚೆನ್ನಾಗಿರುತ್ತೆ" ಎಂದ.

ಅಮ್ಮನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ, ಹೊಸ ಮನೆಗೆ ಬಂದು ಎರಡನೆಯ ವರ್ಷ, ಗ್ರೈಂಡರು ಅವಳಿಗೆ ಹೊಡೆಯಿತು. ಇಡ್ಲಿ ಹಿಟ್ಟು ತಳ್ಳಲು ಕೈಯಿಟ್ಟವಳು ಹಿಂದಕ್ಕೆ ಹಾರಿ ಅಕ್ಕಿ ಡಬ್ಬಕ್ಕೆ ಒರಗಿದಳು. ಅಂದಿನಿಂದ ಕರೆಂಟಿನ ಯಾವ ವಸ್ತುವನ್ನು ಮುಟ್ಟುವುದಿದ್ದರೂ ಅಮ್ಮ ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು, ಊಟದ ಮಣೆಯ ಮೇಲೆ ನಿಂತೇ ಮುಟ್ಟುವುದು. ಮಿಕ್ಸಿಯ ಮುಂದೊಂದು ಮಣೆ, ವಾಷಿಂಗ್ ಮಷೀನಿನ ಮುಂದೊಂದು ಮಣೆ. ಮನೆಗೆ ಬಂದ ನೆಂಟರೊಬ್ಬರು ಮಷೀನಿನ ಮುಂದೆ ಹಾಕಿದ ಮಣೆಯನ್ನು ನೋಡಿ, ಇವತ್ತು ಏನಾದರೂ ಪೂಜೆಯೇ ಎಂದು ವಿಚಾರಿಸಿದ್ದರು.

ಆ ಹೊಡೆತಕ್ಕೆ ಕಾರಣ ಯಾರೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು: ಮುರುಗೇಶ್ ಮಾಮ. ಗೊತ್ತಾಗುವಂತೆ ಮಾಡಿದವನು ನಾನು. "ಅಡುಗೆಮನೆ ಬೋರ್ಡಿನೊಳಗೆ ಅವರು ಅರ್ತ್ ತಂತಿಯನ್ನ ನ್ಯೂಟ್ರಲ್‌ಗೆ ಸೇರಿಸಿ ತಿರುಚಿದ್ದನ್ನ ನಾನೇ ನೋಡಿದೀನಿ" ಎಂದು ಅಪ್ಪನಿಗೆ ಹೇಳಿದ್ದೆ. ಹಾಗೆ ಸೇರಿಸಿದರೆ ದಿನವೂ ಏನೂ ಆಗುವುದಿಲ್ಲ. ಆದರೆ ಆಗಿನ ಬೋರ್ಡುಗಳಲ್ಲಿ ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿಗೂ ಒಂದು ಫ್ಯೂಸು ಇರುತ್ತಿತ್ತು. ಅದು ಹಾರಿದ ದಿನ, ವಾಪಸು ಹೋಗಲು ದಾರಿ ಸಿಗದ ಕರೆಂಟು, ಗ್ರೈಂಡರಿನ ಲೋಹದ ಮೈಗೆ ಸೇರಿದ ಅರ್ತ್ ತಂತಿಗೆ ನುಗ್ಗಿ ಆ ಮೈಮೇಲೆ ಬಂದು ಕೂರುತ್ತದೆ. ಅಪ್ಪ ನನ್ನ ಮಾತನ್ನು ನಂಬಿದರು. ಬೇರೊಬ್ಬ ವೈರ್‌ಮನ್ ಬಂದು, ನ್ಯೂಟ್ರಲ್ ಫ್ಯೂಸಿಗೆ ಯಾವತ್ತೂ ಹಾರದಂಥ ದಪ್ಪ ತಂತಿ ಹಾಕಿ ಹೋದ. ಆ ಅಡುಗೆಮನೆ ಬೋರ್ಡನ್ನು ಬಿಚ್ಚಿಸೋಣ ಎಂದರೆ ಅಪ್ಪ, "ಬೇಡ. ಸ್ನೇಹಿತನ ಕೆಲಸವನ್ನ ಇನ್ನೊಬ್ಬನ ಮುಂದೆ ಬಿಚ್ಚೋದು ಬೇಡ" ಎಂದರು. ಜಗಳವೇನೂ ಆಗಲಿಲ್ಲ. ಮುರುಗೇಶ್ ಮಾಮನನ್ನು ಮನೆಗೆ ಕರೆಯುವುದು ನಿಂತಿತು, ಅಷ್ಟೇ. ಅಮ್ಮ ಮಾತ್ರ ಆಗಾಗ, "ಮುರುಗೇಶ ಹಾಗೆ ಮಾಡೋನಲ್ಲ ಕಣೋ" ಎನ್ನುತ್ತಿದ್ದಳು. ಹೊಡೆತ ತಿಂದವಳ ಮಾತಿಗಿಂತ ಕಣ್ಣಾರೆ ಕಂಡವನ ಮಾತು ದೊಡ್ಡದಾಯಿತು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಕಥೆ ಹಾಗೇ ಉಳಿದಿತ್ತು.

ಹೊಸ ಬೋರ್ಡ್ ಹಾಕಲು ಬಂದವರು ಆಲ್ಕೊಳದ ನಾಗರಾಜ್. ನಲವತ್ತೈದರ ಆಸುಪಾಸು, ಮೆಲುಮಾತಿನ ಮನುಷ್ಯ. ಹಳೆಯ ಬೋರ್ಡನ್ನು ಐದು ನಿಮಿಷ ಕತ್ತೆತ್ತಿ ನೋಡಿದರು.

"ಇದನ್ನ ತೆಗೆದು ಅದನ್ನ ಹಾಕೋದು ಅರ್ಧ ದಿನದ ಕೆಲಸ ಸಾರ್. ಅದಕ್ಕೆ ಮುಂಚೆ ಮನೆ ವೈರಿಂಗ್ ಪೂರ್ತಿ ಟೆಸ್ಟ್ ಮಾಡ್ಬೇಕು."

"ಯಾಕೆ? ಮೂವತ್ತು ವರ್ಷ ನಡೆದಿದೆಯಲ್ಲ."

"ಹಳೆ ಬೋರ್ಡು ಏನಿದ್ರೂ ಸಹಿಸ್ಕೊಂಡಿತ್ತು. ಹೊಸದರಲ್ಲಿ ಕರೆಂಟ್ ಲೀಕ್ ಹಿಡಿಯೋ ಬ್ರೇಕರ್ ಇರುತ್ತೆ, ಅದು ಸಹಿಸಲ್ಲ. ಎಲ್ಲಾದ್ರೂ ಚೂರು ಲೀಕಿದ್ರೂ ಹಾಕಿದ ಕ್ಷಣ ಬೀಳುತ್ತೆ. ಆಮೇಲೆ ನೀವು ಬ್ರೇಕರ್ ಸರಿಯಿಲ್ಲ ಅಂತೀರಿ, ನಾನು ವೈರಿಂಗ್ ಸರಿಯಿಲ್ಲ ಅಂತೀನಿ."

ಇದು ನನಗೆ ಬಹಳ ಹಿಡಿಸಿತು. ಅಳೆಯದೆ ನಂಬದ ಇನ್ನೊಬ್ಬ ಮನುಷ್ಯ ಊರಿನಲ್ಲಿದ್ದಾನೆಂಬ ಸಂತೋಷದಲ್ಲಿ ನಾನೂ ಜೊತೆಗೆ ನಿಂತೆ. ಮೊದಲು ಯಾವ ಫ್ಯೂಸು ಯಾವ ಕೋಣೆಗೆ ಎಂದು ತಿಳಿಯಬೇಕು ಎಂದರು. "ಅದಕ್ಕೆ ಟೆಸ್ಟ್ ಯಾಕೆ, ನನಗೆ ಬಾಯಿಪಾಠ" ಎಂದು ಬಿಳಿ ಹಾಳೆಯ ಮೇಲೆ ಆರು ಫ್ಯೂಸುಗಳ ಪಟ್ಟಿ ಬರೆದುಕೊಟ್ಟೆ. ನಾಗರಾಜ್ ಅದನ್ನು ಗೌರವದಿಂದ ಮಡಿಸಿ ಜೇಬಿನಲ್ಲಿಟ್ಟುಕೊಂಡು, ಫ್ಯೂಸುಗಳನ್ನು ಒಂದೊಂದಾಗಿ ಕೀಳಲು ಶುರುಮಾಡಿದರು. ಸುಮಾ ಕೋಣೆಯಿಂದ ಕೋಣೆಗೆ ಓಡಾಡುತ್ತ ಕೂಗಬೇಕು.

"ಮೊದಲನೇದು. ಸಾರ್ ಪ್ರಕಾರ ಬೆಡ್‌ರೂಮು."

"ಬೆಡ್‌ರೂಮ್ ಇದೆ. ದೇವರಮನೆ ಹೋಯ್ತು. ಬೋರ್‌ವೆಲ್ ಮೋಟರೂ ಹೋಯ್ತು."

"ಎರಡನೇದು, ಅಡುಗೆಮನೆ."

"ಅಡುಗೆಮನೆ ಇದೆ. ಬಚ್ಚಲುಮನೆ ಹೋಯ್ತು. ರೀ, ನೀವು ಯಾವ ಮನೆ ಪಟ್ಟಿ ಬರೆದಿದೀರಿ?"

ಸುಮಾ ಹೈಸ್ಕೂಲು ಮೇಡಂ. ಆರಕ್ಕೆ ಒಂದು ಎಂದು ಗಟ್ಟಿಯಾಗಿಯೇ ಅಂಕ ಕೊಟ್ಟಳು. ಸರಿಯಾದ ಆ ಒಂದು ಹಾಲಿನದು, ಬೋರ್ಡು ಇರುವ ಕೋಣೆಯದೇ. ಅಡುಗೆಮನೆಯ ಗೋಡೆಯಲ್ಲಿ ಒಂದು ಸ್ವಿಚ್ಚಿದೆ. ಅದನ್ನು ಒತ್ತಿದರೆ ಎಲ್ಲೂ ಏನೂ ಆಗುವುದಿಲ್ಲ. ಅದು ಮೊದಲಿನಿಂದಲೂ ಖಾಲಿ ಸ್ವಿಚ್ಚು, ಮುಂದೆ ಬೇಕಾದೀತೆಂದು ಬಿಟ್ಟದ್ದು ಎಂದು ನಾನು ವಿವರಿಸಿದೆ. ಅಷ್ಟು ಹೊತ್ತಿಗೆ ನಾಗರಾಜ್ ನನ್ನ ವಿವರಣೆಗಳಿಗೆ ತಲೆಯಾಡಿಸುವುದನ್ನು ನಿಲ್ಲಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಮೇನ್ ಸ್ವಿಚ್ ಆರಿಸಿ, ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು, ಬಲ್ಬುಗಳನ್ನು ಬಿಚ್ಚಿ ಮಂಚದ ಮೇಲೆ ಮಲಗಿಸಿದೆವು. ನಾಗರಾಜ್ ಚೀಲದಿಂದ ಹಿಡಿಕೆ ತಿರುಗಿಸುವ ಹಳೆಯ ಮೆಗ್ಗರ್ ತೆಗೆದರು. ಕಬ್ಬಿಣದ ತೂಕದ ಡಬ್ಬಿ. ತಿರುಗಿಸಿದರೆ ತಾನೇ ಐನೂರು ವೋಲ್ಟು ಹುಟ್ಟಿಸಿ, ತಂತಿಯ ಮೇಲಿನ ಹೊದಿಕೆ ಎಷ್ಟು ಗಟ್ಟಿಯಿದೆ ಎಂದು ಮುಳ್ಳಿನಲ್ಲಿ ತೋರಿಸುತ್ತದೆ. ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲೂ ಇಂಥದ್ದೊಂದಿದೆ, ಬೀರುವಿನೊಳಗೆ ಬೀಗ ಹಾಕಿಕೊಂಡು. ನಾನು ಒಮ್ಮೆ ತಿರುಗಿಸಲೇ ಎಂದು ಕೇಳಿ, ಅನುಮತಿ ಪಡೆದು, ಚಿಕ್ಕ ಹುಡುಗನ ಖುಷಿಯಿಂದ ತಿರುಗಿಸಿದೆ. ಕರೆಂಟು ತರುವ ಫೇಸ್ ತಂತಿಗೂ ಅರ್ತಿಗೂ ನಡುವೆ ಹಿಡಿದಾಗ ಮುಳ್ಳು ಮೇಲಕ್ಕೆ ಹೋಗಿ ನಿಂತಿತು. "ಒಳ್ಳೆ ಕೆಲಸ ಸಾರ್, ಮೂವತ್ತು ವರ್ಷದ ವೈರು ಹೀಗಿರೋದು ಕಮ್ಮಿ" ಎಂದರು ನಾಗರಾಜ್. ಆಮೇಲೆ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಹಿಡಿದರು. ಮುಳ್ಳು ಸೀದಾ ಸೊನ್ನೆಗೆ ಬಿತ್ತು.

"ಎಲ್ಲೋ ಎರಡೂ ಸೇರಿಕೊಂಡಿವೆ. ಈಗ ಹುಡುಕ್ಬೇಕು."

"ಹುಡುಕೋದೇ ಬೇಡ" ಎಂದೆ. ಬೆಳಗಿನಿಂದ ಕಳೆದುಕೊಂಡ ಮರ್ಯಾದೆಯನ್ನೆಲ್ಲ ಒಂದೇ ಏಟಿಗೆ ವಾಪಸು ಪಡೆಯುವ ಅವಕಾಶ. "ಅಡುಗೆಮನೆ. ಗ್ರೈಂಡರ್ ಪ್ಲಗ್ಗಿನ ಬೋರ್ಡು. ಮಾಡಿದವರು ಯಾರು ಅಂತಾನೂ ಹೇಳ್ತೀನಿ." ಇಡೀ ಕಥೆಯನ್ನು ಹೇಳಿದೆ. ಮೂವತ್ತು ವರ್ಷದಲ್ಲಿ ಹೇಳಿ ಹೇಳಿ ಅದಕ್ಕೆ ಒಳ್ಳೆಯ ಹೊಳಪು ಬಂದಿತ್ತು. ಗೋಡೆಯ ತೆರೆದ ಡಬ್ಬಿ, ಹಸಿರು ತಂತಿ, ಕಪ್ಪು ತಂತಿ, ಅವೆರಡನ್ನೂ ಸೇರಿಸಿ ಇಕ್ಕಳದಿಂದ ಮೂರು ಸುತ್ತು ತಿರುಚುತ್ತಿರುವ ಮುರುಗೇಶ್ ಮಾಮನ ಕೈ. "ಕೈಯಲ್ಲಿ ಕಟ್ಟಿದ್ದ ವಾಚಿನ ಗಾಜು ಹೊಳೀತಿದ್ದದ್ದೂ ನೆನಪಿದೆ" ಎಂದು ಮುಗಿಸಿದೆ.

ನಾಗರಾಜ್ ಮೆಗ್ಗರಿನ ತಂತಿ ಸುತ್ತುತ್ತ, "ವಾಚಾ ಸಾರ್?" ಎಂದರು.

"ಹೌದು, ಸ್ಟೀಲ್ ಪಟ್ಟಿಯ ವಾಚು."

"ಏನಿಲ್ಲ. ಫ್ಯಾಕ್ಟ್ರಿ ಎಲೆಕ್ಟ್ರಿಷಿಯನ್ನು ಕೆಲಸದ ಹೊತ್ತಲ್ಲಿ ಕೈಗೆ ಲೋಹ ಕಟ್ಟಲ್ಲ. ಉಂಗುರಾನೂ ತೆಗೆದಿಡ್ತಾರೆ. ನಮಗೆ ಮೊದಲನೇ ದಿನ ಹೇಳಿಕೊಡೋದು ಅದನ್ನೇ."

"ಮುರುಗೇಶ ಹಾಗೆ ಮಾಡೋನಲ್ಲ" ಎಂದಳು ಅಮ್ಮ, ಕರೆಂಟು ಇಲ್ಲದ ಮನೆಯಲ್ಲೂ ಮಣೆಯ ಮೇಲೆಯೇ ನಿಂತು.

ಅಡುಗೆಮನೆಯ ಗೋಡೆಯಲ್ಲಿ ಎರಡು ಬೋರ್ಡುಗಳಿವೆ. ಮೊದಲನೆಯದು, ಆ ಖಾಲಿ ಸ್ವಿಚ್ಚು ಇರುವುದು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಾಗ ಒಳಗೆ ಮಡಿಸಿದ ಒಂದು ಚಿಕ್ಕ ಹಾಳೆ ಸಿಕ್ಕಿತು. ದಿನಕ್ಕೊಂದರಂತೆ ಹರಿಯುವ ತಮಿಳು ಕ್ಯಾಲೆಂಡರಿನ ಹಾಳೆ. ಆಗ ನನಗೆ ಮುರುಗೇಶ್ ಮಾಮನ ಪದ್ಧತಿ ನೆನಪಿಗೆ ಬಂತು, ಇದು ನಿಜವಾಗಿ. ಡಬ್ಬಿಯೊಳಗೆ ಕೈ ಹಾಕಿದವನು ಏನು ಮಾಡಿದೆನೆಂದು ಹೆಸರು ಸಹಿತ ಬರೆದು ಒಳಗಿಡಬೇಕು ಎಂಬುದು ಅವರ ವಿಭಾಗದ ನಿಯಮ. ಅದನ್ನು ಅವರು ನಮ್ಮ ಮನೆಗೂ ತಂದಿದ್ದರು. ಕ್ಯಾಲೆಂಡರ್ ಹಾಳೆ ಯಾಕೆಂದರೆ ತಾರೀಖು ಅದರಲ್ಲೇ ಅಚ್ಚಾಗಿರುತ್ತದೆ, ಬರೆಯಲು ಮರೆಯುವ ಪ್ರಶ್ನೆಯೇ ಇಲ್ಲ. ಹಾಳೆಯ ಹಿಂದೆ ದುಂಡು ಕನ್ನಡ ಅಕ್ಷರಗಳಲ್ಲಿ ಬರೆದಿತ್ತು. ಸುಮಾ ಗಟ್ಟಿಯಾಗಿ ಓದಿದಳು: "ಬಲಗಡೆ ಸ್ವಿಚ್ಚು ಹಿತ್ತಲ ಅರ್ತ್ ಗುಂಡಿ ಲೈಟಿಗೆ. ಅಣ್ಣ ಹೇಳಿ ಹಾಕಿಸಿದ್ದು. ಮಗ ಕತ್ತಲಾಯ್ತು ಅಂತ ನೀರು ಹಾಕಲ್ಲ. ಮುರುಗೇಶ್."

ಮುರುಗೇಶ್ ಮಾಮ ಅಣ್ಣ ಎನ್ನುತ್ತಿದ್ದದ್ದು ಅಪ್ಪನನ್ನು. ಎಲ್ಲರೂ ನನ್ನ ಕಡೆ ನೋಡಿದರು.

ಅರ್ತ್ ಗುಂಡಿ ಎಂದರೆ ಹಿತ್ತಲಿನಲ್ಲಿ ಇದ್ದಿಲು, ಉಪ್ಪು ತುಂಬಿ ಕೊಳವೆ ಹೂತ ಗುಂಡಿ. ಎಲ್ಲೋ ತಪ್ಪಿದ ಕರೆಂಟು ಆ ದಾರಿಯಲ್ಲಿ ಭೂಮಿಗೆ ಹೋಗಬೇಕು. ಗುಂಡಿ ಒಣಗಿದರೆ ದಾರಿ ಮುಚ್ಚಿದಂತೆ. ಅದಕ್ಕೇ ಬೇಸಿಗೆಯಲ್ಲಿ ದಿನಾ ಸಂಜೆ ಒಂದು ಕೊಡ ನೀರು ಹಾಕಬೇಕು. ಆ ಕೆಲಸ ನನ್ನದಾಗಿತ್ತು. ಗಿಡವಿಲ್ಲದ ಗುಂಡಿಗೆ ನೀರೆರೆಯುವುದು ಆಗ ನನಗೆ ಒಂದು ಬಗೆಯ ಅಭಿಷೇಕದಂತೆ ಕಂಡು, ವಿಜ್ಞಾನದ ವಿದ್ಯಾರ್ಥಿಗೆ ತಕ್ಕದ್ದಲ್ಲ ಎನಿಸಿತ್ತು. ಮಣ್ಣಿನ ತೇವ ವಿದ್ಯುತ್ತನ್ನು ಒಯ್ಯುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನೂ ನಾನೇ. ಅದಕ್ಕೂ ನಮ್ಮ ಹಿತ್ತಲಿಗೂ ಸಂಬಂಧವಿರಬಹುದೆಂದು ಹೊಳೆದಿರಲಿಲ್ಲ. ಕತ್ತಲಾಯಿತು ಎಂಬ ನೆಪ ಹೇಳಿದ್ದು ನೆನಪಿಲ್ಲ. ಆ ನೆಪಕ್ಕೆ ಉತ್ತರವಾಗಿ ಅಪ್ಪ ಒಂದು ದೀಪವನ್ನೇ ಹಾಕಿಸಿದ್ದಂತೂ ನೆನಪೇ ಇಲ್ಲ.

ಎರಡನೆಯ ಬೋರ್ಡಿನಲ್ಲಿ ಎರಡು ಚೀಟಿಗಳಿದ್ದವು. ಒಂದು ಕ್ಯಾಲೆಂಡರ್ ಹಾಳೆ: "ಗ್ರೈಂಡರ್ ಪಾಯಿಂಟ್. ಅರ್ತ್ ಬೇರೆ, ನ್ಯೂಟ್ರಲ್ ಬೇರೆ. ನೋಡಿದೆ. ಮುರುಗೇಶ್." ಇನ್ನೊಂದು ಗ್ರಾಫ್ ಹಾಳೆಯ ತುಂಡು. ಅದರ ಹಿಂದೆ, ಮೂರು ಸುತ್ತು ತಿರುಚಿ ಸೇರಿಸಿದ ಹಸಿರು ತಂತಿ, ಕಪ್ಪು ತಂತಿ. ಅಷ್ಟು ಮಟ್ಟಿಗೆ ನನ್ನ ನೆನಪು ಖಚಿತವಾಗಿತ್ತು.

ಗ್ರಾಫ್ ಹಾಳೆಯನ್ನು ಸುಮಾ ಓದಲಿಲ್ಲ, ನನ್ನ ಕೈಗೆ ಕೊಟ್ಟಳು. "ಫೇಸಿಗೂ ಅರ್ತಿಗೂ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ, ಉರಿಯಲಿಲ್ಲ. ಅರ್ತ್ ಸತ್ತಿದೆ. ತಾತ್ಕಾಲಿಕವಾಗಿ ನ್ಯೂಟ್ರಲ್‌ಗೆ ಸೇರಿಸಿದ್ದೇನೆ. ಮುರುಗೇಶ್ ಮಾಮ ಬಂದಾಗ ಹೇಳಬೇಕು. ಶ್ರೀಧರ." ಶ್ರೀಧರ ನಾನೇ. ತಾತ್ಕಾಲಿಕ ಎಂಬುದರ ಕೆಳಗೆ ಸ್ಕೇಲು ಹಿಡಿದು ಗೆರೆ ಎಳೆದಿದ್ದೆ.

"ಬರವಣಿಗೆ ನನ್ನದೇ ಅಂತ ಹೇಗೆ ಹೇಳೋದು?" ಎಂದೆ. ಅಭ್ಯಾಸಬಲ.

ಸುಮಾ, ಬೆಳಿಗ್ಗೆ ನಾನು ಬರೆದ ಫ್ಯೂಸಿನ ಪಟ್ಟಿಯನ್ನು ನಾಗರಾಜರಿಂದ ಇಸಿದುಕೊಂಡು ಪಕ್ಕದಲ್ಲಿ ಹಿಡಿದಳು. ಮೂವತ್ತು ವರ್ಷದಲ್ಲಿ ನನ್ನ ಕೊಂಬು, ಇಳಿ ಯಾವುದೂ ಬದಲಾಗಿರಲಿಲ್ಲ. ಆಗ ವಾಚಿನ ವಿಷಯವೂ ಹೊಳೆಯಿತು. ಸ್ಟೀಲ್ ಪಟ್ಟಿಯ ಆ ವಾಚು ನಾನು ಬಿ.ಎಸ್ಸಿ. ಪಾಸಾದದ್ದಕ್ಕೆ ಅಪ್ಪ ಕೊಡಿಸಿದ್ದು. ಗುಂಡಿಗೆ ನೀರು ಹಾಕದವನು, ಗುಂಡಿ ಒಣಗಿದ್ದರಿಂದ ಉರಿಯದ ದೀಪವನ್ನು ನೋಡಿ, ಅರ್ತ್ ಸತ್ತಿದೆ ಎಂದು ತೀರ್ಮಾನಿಸಿ, ಅಮ್ಮನ ಗ್ರೈಂಡರಿಗೆ ಕರೆಂಟು ಬರುವ ದಾರಿ ಮಾಡಿ, ಹೇಳಬೇಕಾದವರಿಗೆ ಹೇಳಲು ಮರೆತಿದ್ದ. ಆಮೇಲೆ ಆ ಕೈಯನ್ನು ಇನ್ನೊಬ್ಬರಿಗೆ ಜೋಡಿಸಿದ್ದ. ಅಪ್ಪನ ಮುಂದೆ ನಿಂತು ಹೇಳಿದ ದಿನ ನನಗೆ ನಿಜ ಗೊತ್ತಿತ್ತೋ, ಆಗಲೇ ಮರೆತಿತ್ತೋ? ಎಷ್ಟು ತಿರುಗಿಸಿದರೂ ಈ ಮುಳ್ಳು ಮಾತ್ರ ಎಲ್ಲೂ ನಿಲ್ಲುತ್ತಿಲ್ಲ. ಭಯದಿಂದ ಸುಳ್ಳು ಹೇಳಿ, ಆ ಸುಳ್ಳನ್ನೇ ಮೊದಲು ನಂಬಿದವನೂ ನಾನೇ ಇರಬಹುದು.

"ಸಾರ್, ಇದನ್ನ ಬಿಡಿಸ್ಲಾ?" ಎಂದು ನಾಗರಾಜ್ ಇಕ್ಕಳ ಹಿಡಿದು ಕೇಳಿದರು.

"ಬಿಡಿಸಿ. ಬೋರ್ಡು ಮಾತ್ರ ಭಾನುವಾರ ಹಾಕೋಣ" ಎಂದೆ. ಅಮ್ಮ ಮಣೆಯಿಂದ ಇಳಿದು ಹೋಗಿ, ಅಪ್ಪನ ಹಳೆಯ ಡೈರಿಯಿಂದ ಮುರುಗೇಶ್ ಮಾಮನ ವಿಳಾಸ ಹುಡುಕಿ ತಂದಳು.

ಮರುದಿನ ಭದ್ರಾವತಿಗೆ ಹೋದೆ. ಮುರುಗೇಶ್ ಮಾಮನಿಗೆ ಈಗ ಎಂಬತ್ತರ ಹತ್ತಿರ. ಜಗಲಿಯ ಮೇಲೆ ಕೂತು ಯಾರದೋ ಟೇಬಲ್ ಫ್ಯಾನು ಬಿಚ್ಚಿಕೊಂಡಿದ್ದರು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಓ, ಗೋಪಾಳದ ತಂಬಿ. ಬಾ, ಕೂತ್ಕೋ. ಅಮ್ಮ ಚೆನ್ನಾಗಿದಾರಾ?" ಎಂದರು. ಗ್ರಾಫ್ ಹಾಳೆಯನ್ನು ಕೈಗೆ ಕೊಟ್ಟು, ನಡೆದದ್ದನ್ನು ಹೇಳಿದೆ. ಅಪ್ಪನಿಗೆ ನಾನು ಹೇಳಿದ ಸುಳ್ಳನ್ನೂ ಹೇಳಿದೆ.

ಅವರು ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಓದಿದರು.

"ಗುಂಡಿಗೆ ನೀರು ಹಾಕ್ತಿದ್ದೆಯಾ ತಂಬಿ, ಆ ಬೇಸಿಗೇಲಿ?"

"ನೆನಪಿಲ್ಲ ಮಾಮ."

"ನೆನಪಿಲ್ಲ ಅಂದ್ರೆ ಹಾಕಿಲ್ಲ. ಹಾಕಿದೋರಿಗೆ ಸೊಂಟ ನೆನಪಿಟ್ಕೊಳ್ಳುತ್ತೆ."

ಸೊಸೆ ಕಾಫಿ ತಂದಿಟ್ಟು ಹೋದರು. ಮಾಮ ಫ್ಯಾನಿನ ರೆಕ್ಕೆಯನ್ನು ಬಟ್ಟೆಯಿಂದ ಒರೆಸುತ್ತ ಕೂತರು. "ನಿಮ್ಮಪ್ಪ ಕ್ಯಾಂಟೀನಲ್ಲಿ ಒಂದಿನ ಟೇಬಲ್ ಬದಲಾಯಿಸಿದ್ರು" ಎಂದರು. "ಕಿಟಕಿ ಹತ್ರದ್ದಕ್ಕೆ ಹೋದ್ರು. ಗಾಳಿ ಬರುತ್ತೆ ಅಂತ ಹೋದ್ರೇನೋ ಅಂದ್ಕೊಂಡೆ. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ರಿಟೈರ್ ಆಗೋವರೆಗೂ ಕಿಟಕಿ ಹತ್ರಾನೇ ಕೂತ್ರು."

ನಾನು ಕಾಫಿ ಮುಗಿಸಿ ಲೋಟ ಕೆಳಗಿಟ್ಟೆ.

"ಆಮೇಲೆ ಈ ಚೀಟಿ" ಎಂದರು. "ಹೆಸರಿದೆ. ಏನು ಮಾಡಿದ್ದು ಅಂತ ಇದೆ. ತಾರೀಖು ಎಲ್ಲಿ? ತಾರೀಖಿಲ್ಲದ ಚೀಟಿ ಬರೆದಿದ್ರೆ ನಮ್ಮ ಫೋರ್‌ಮನ್ ಮನೆಗೆ ಕಳಿಸ್ತಿದ್ದ. ಎಂಥ ಎಮ್ಮೆಸ್ಸಿ ಮಾರಾಯ ನಿಂದು?" ಅಷ್ಟು ಹೇಳಿ, ಚೀಟಿಯನ್ನು ಮಡಿಸಿ ತಮ್ಮ ಜೇಬಿಗೇ ಹಾಕಿಕೊಂಡರು. "ಹೊಸ ಬೋರ್ಡು ಯಾವತ್ತು ಹಾಕ್ತೀರಿ?"

ಭಾನುವಾರ ಅವರನ್ನು ಕಾರಿನಲ್ಲಿ ಕರೆತಂದೆ. ಗೇಟಿನೊಳಗೆ ಬಂದವರು ಸೀದಾ ಹಿತ್ತಲಿಗೆ ಹೋಗಿ, ಕುರ್ಚಿ ತರಿಸಿಕೊಂಡು ಗುಂಡಿಯ ಪಕ್ಕ ಕೂತು, ಕೊಡ ಎಲ್ಲಿ ಎಂದರು. ಪಾಳು ಬಾವಿಯಂತೆ ಒಣಗಿದ್ದ ಆ ಗುಂಡಿ ನಾನು ಹೊತ್ತು ತಂದ ಏಳು ಕೊಡ ಕುಡಿಯಿತು. ಪೈಪು ಹಾಕಬಹುದಲ್ಲ ಎಂದದ್ದಕ್ಕೆ, "ಪೈಪು ನಾಳೆಯಿಂದ. ಇವತ್ತು ಕೊಡ" ಎಂದರು. ನಾಗರಾಜ್ ಟೆಸ್ಟ್ ಲ್ಯಾಂಪ್ ಹಿಡಿದರು. ಫೇಸಿಗೂ ಅರ್ತಿಗೂ ನಡುವೆ ಬಲ್ಬು ಪೂರ್ತಿ ಉರಿಯಿತು. ನನ್ನ ಸೊಂಟ ಆ ದಿನವನ್ನು ಇಂದಿಗೂ ನೆನಪಿಟ್ಟುಕೊಂಡಿದೆ. ಸಂಜೆಯೊಳಗೆ ಹೊಸ ಬೋರ್ಡು ಕೂತಿತು. ಬ್ರೇಕರ್ ಮೇಲೆತ್ತಿದಾಗ ಮನೆಯವರೆಲ್ಲ ಉಸಿರು ಹಿಡಿದು ನಿಂತಿದ್ದೆವು. ಅದು ಬೀಳಲಿಲ್ಲ. ಮಾಮ ಜೇಬಿನಿಂದ ಅವತ್ತಿನ ಕ್ಯಾಲೆಂಡರ್ ಹಾಳೆಯನ್ನು ತೆಗೆದು, ನಡೆದದ್ದನ್ನು ಬರೆಯುವಂತೆ ನನಗೆ ಕೊಟ್ಟರು. ನಾನು ಬರೆದೆ, ಅವರು ಓದಿ ನೋಡಿ ಕೆಳಗೆ ಸಹಿ ಹಾಕಿ, ಹೊಸ ಬೋರ್ಡಿನ ಬಾಗಿಲೊಳಗೆ ಸಿಕ್ಕಿಸಿದರು. ಅಮ್ಮ ಅವರಿಗೆ ಇಡ್ಲಿ ತಿನ್ನದೆ ಹೊರಡಬಾರದೆಂದು ಕಟ್ಟಪ್ಪಣೆ ಮಾಡಿದಳು. ಇಬ್ಬರೂ ಊಟದ ಟೇಬಲ್ಲಿನಲ್ಲಿ ಅಪ್ಪನ ಬಗ್ಗೆ ಬಹಳ ಹೊತ್ತು ಮಾತಾಡಿದರು. ನನ್ನನ್ನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದರೆ ಮಿಕ್ಸಿ ತಿರುಗುತ್ತಿತ್ತು. ಅಮ್ಮ ಹವಾಯಿ ಚಪ್ಪಲಿ ಹಾಕಿಕೊಂಡು ಮಣೆಯ ಮೇಲೆ ನಿಂತಿದ್ದಳು.

"ಇನ್ನೂ ಮಣೆ ಯಾಕಮ್ಮ? ವೈರಿಂಗ್ ಟೆಸ್ಟ್ ಆಯ್ತು, ತಪ್ಪು ಸಿಕ್ತು, ಬೋರ್ಡೂ ಬದಲಾಯ್ತು."

ಅಮ್ಮ ಮಿಕ್ಸಿ ನಿಲ್ಲಿಸಿ, ಮುಚ್ಚಳ ತೆಗೆದು ಚಟ್ನಿಯ ಹದ ನೋಡಿದಳು.

"ಬೋರ್ಡು ಬದಲಾಯ್ತು ಕಣೋ. ನೀನು ಮನೇಲೇ ಇದೀಯಲ್ಲ" ಎಂದು ಮತ್ತೆ ತಿರುಗಿಸಿದಳು.